ಐದು ಗುಂಡಿನ ಸಾಕ್ಷಿ

ಪೆಲೆಟ್, ಅಂದರೆ ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು, ತುಂಬಿದ್ದ ಒಂದು ಡಬ್ಬಿಯನ್ನು ಸರಿಯಾಗಿ ಎರಡು ಪಾಲು ಮಾಡಿ ಎರಡು ಖಾಲಿ ಡಬ್ಬಿಗಳಿಗೆ ಸುರಿದೆ. ಒಂದಕ್ಕೆ ಕೆಂಪು ಚೀಟಿ ಅಂಟಿಸಿದೆ, ಇನ್ನೊಂದಕ್ಕೆ ನೀಲಿ. ಹುಬ್ಬಳ್ಳಿಯಲ್ಲಿ ನಾನು ಏರ್ ರೈಫಲ್ ಕಲಿಸುವ ಹತ್ತು ಮೀಟರ್ ರೇಂಜಿನಲ್ಲಿ ಆವತ್ತು ಆರು ಮಂದಿ ಹುಡುಗ ಹುಡುಗಿಯರಿದ್ದರು. ಒಂದೇ ಡಬ್ಬಿಯ ಮಾಲು ಅಂತ ಅವರಿಗೆ ಹೇಳಿರಲಿಲ್ಲ.

"ಇವೆರಡರಾಗ ಯಾವ್ದು ಛಲೋ ಐತಿ, ಐದೈದು ಹೊಡದು ಹೇಳ್ರಪ್ಪಾ" ಅಂದೆ.

ರೈಫಲ್ಲನ್ನು ಅಲುಗದಂತೆ ಹಿಡಿಯುವ ವೈಸಿಗೆ ಬಿಗಿದಿದ್ದೆವು. ಹಾಗಾಗಿ ಕೈ ನಡುಗುವುದು, ಉಸಿರು ತಪ್ಪುವುದು ಲೆಕ್ಕಕ್ಕೆ ಬರುವಂತಿರಲಿಲ್ಲ. ಒಬ್ಬೊಬ್ಬರೂ ಕೆಂಪು ಡಬ್ಬಿಯಿಂದ ಐದು, ನೀಲಿ ಡಬ್ಬಿಯಿಂದ ಐದು ಹೊಡೆದು, ಕಾಗದದ ಮೇಲಿನ ತೂತುಗಳ ಗುಂಪನ್ನು ಅಳೆದರು. ಅರ್ಧ ಗಂಟೆಯೊಳಗೆ ತೀರ್ಪು ಬಂತು. ನಾಲ್ವರು ಕೆಂಪು ಡಬ್ಬಿಯೇ ಛಲೋ ಅಂದರು, ಇಬ್ಬರು ನೀಲಿ. ನೀಲಿ ಅಂದವರಲ್ಲಿ ಒಬ್ಬ ಹುಡುಗ ಡಬ್ಬಿಯ ಮುಚ್ಚಳ ಹಾಕಿ, "ಇದನ್ನ ಮ್ಯಾಚಿಗೆ ನನಗ ಕೊಡ್ರಿ ಸರ್" ಅಂತ ಕೈಯಲ್ಲಿ ಹಿಡಿದುಕೊಂಡೇ ನಿಂತ. ಎರಡೂ ಒಂದೇ ಅಂತ ಆರು ಮಂದಿಯಲ್ಲಿ ಒಬ್ಬರೂ ಹೇಳಲಿಲ್ಲ.

ಈ ಪ್ರಯೋಗಕ್ಕೆ ಕಾರಣ ಆ ಹುಡುಗನೇ. ಹಿಂದಿನ ವಾರ ಅವನು ಮೊಬೈಲಿನಲ್ಲಿ ಏನೋ ನೋಡಿ ಬಂದು ಕೇಳಿದ್ದ: "ಸರ್, ಹೊರದೇಶದಾಗ ಸಾವಿರ ಗಜ ಹೊಡಿಯೋರು ಗುಂಡು ತಾವ ತಯಾರ ಮಾಡ್ಕೋತಾರಂತ, ಖರೇ ಏನ್ರಿ? ಅಂಗಡ್ಯಾಗ ಸಿಗೋದಕ್ಕಿಂತ ಅದ ಛಲೋ ಇರ್ತದಂತ." ಖರೆ. ಆದರೆ ಯಾಕೆ ಛಲೋ ಇರುತ್ತದೆ ಎನ್ನುವುದನ್ನು ವಿವರಿಸಲು ಹೋದರೆ ಮದ್ದು, ಹಿತ್ತಾಳೆ, ಸೀಸಕ್ಕಿಂತ ಮೊದಲು ಆ ಕೆಂಪು ನೀಲಿ ಡಬ್ಬಿಗಳ ಹತ್ತಿರ ಬರಬೇಕಾಗುತ್ತದೆ.

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಮದ್ದುಗುಂಡು ತಯಾರಿಸುವಂತಿಲ್ಲ. ಅದು ಗಂಭೀರ ಅಪರಾಧ. ಮನೆಯಲ್ಲಿ ಕೂತು ಪ್ರಯತ್ನಿಸುವ ಮಾತೇ ಇಲ್ಲ, ಅಪಾಯವೂ ಅಷ್ಟೇ ದೊಡ್ಡದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಅಲ್ಲಿನ ಕಾಯ್ದೆಯ ಒಳಗೇ ಸಾವಿರಾರು ಜನ ಇದನ್ನು ಮಾಡುತ್ತಾರೆ. ಇಲ್ಲಿ ಬರೆಯುತ್ತಿರುವುದು ಅವರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎನ್ನುವುದರ ತಿಳಿವಳಿಕೆ. ಆ ತಿಳಿವಳಿಕೆ ನಮ್ಮ ಹತ್ತು ಮೀಟರ್ ರೇಂಜಿಗೂ ಹಾಗೇ ಹೊಂದುತ್ತದೆ.

ಗುಲಗಂಜಿಯ ಹತ್ತೊಂಬತ್ತನೇ ಪಾಲು

ರೈಫಲ್ಲಿನ ಒಂದು ತೋಟಾದಲ್ಲಿ ನಾಲ್ಕು ವಸ್ತುಗಳಿರುತ್ತವೆ. ಹಿತ್ತಾಳೆಯ ಕೊಳವೆ, ಅದಕ್ಕೆ ಕೇಸ್ ಅನ್ನುತ್ತಾರೆ. ಅದರ ಬುಡದಲ್ಲಿ ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಸಣ್ಣ ಬಟ್ಟಲು, ಅದು ಪ್ರೈಮರ್. ಒಳಗೆ ಮದ್ದು. ಬಾಯಿಗೆ ಸಿಕ್ಕಿಸಿದ ಗುಂಡು. ಹೊಡೆದಾಗ ಹಾರಿ ಹೋಗುವುದು ಗುಂಡು ಮಾತ್ರ. ಮದ್ದು, ಪ್ರೈಮರಿನೊಳಗಿನ ಕಿಡಿವಸ್ತು ಉರಿದು ಮುಗಿಯುತ್ತವೆ, ಹಿತ್ತಾಳೆ ಕೇಸ್ ಉಳಿಯುತ್ತದೆ. ಆ ಕೇಸನ್ನು ಒರೆಸಿ, ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಸುರಿದು, ಹೊಸ ಗುಂಡು ಒತ್ತಿ ಮತ್ತೆ ಬಳಸುವುದೇ ಕೈಯಾರೆ ತೋಟಾ ತುಂಬುವ ಕೆಲಸ.

ಹೊರಗಿನಿಂದ ನೋಡಿದರೆ ಇದರಲ್ಲಿ ವಿಶೇಷವೇನೂ ಇಲ್ಲ. ಕಾರ್ಖಾನೆಯೂ ಅದನ್ನೇ ಮಾಡುತ್ತದೆ. ಆದರೆ ಕಾರ್ಖಾನೆ ಎಲ್ಲರ ರೈಫಲ್ಲಿಗೂ ಹೊಂದುವಂತೆ ಮಾಡಬೇಕು, ಕೈಯಾರೆ ತುಂಬುವವನು ತನ್ನೊಂದು ರೈಫಲ್ಲಿಗೆ ಹೊಂದಿಸಿದರೆ ಸಾಕು. ಎರಡನೆಯದಾಗಿ, ತೋಟಾ ತೋಟಾಕ್ಕೂ ಇರುವ ಸಣ್ಣ ಸಣ್ಣ ವ್ಯತ್ಯಾಸವನ್ನು ಕಳೆಯಲು ಅವನ ಹತ್ತಿರ ಸಮಯವಿದೆ.

ಎಷ್ಟು ಸಣ್ಣ ವ್ಯತ್ಯಾಸ? ನಮ್ಮ ಹಳೆಯ ಅಕ್ಕಸಾಲಿಗರು ಬಂಗಾರವನ್ನು ಗುಲಗಂಜಿಯಿಂದ ತೂಗುತ್ತಿದ್ದರು. ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಮದ್ದು ತೂಗುವವರ ಅಳತೆ ಗ್ರೇನ್. ಒಂದು ಗ್ರೇನ್ ಅಂದರೆ 0.0648 ಗ್ರಾಂ, ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ದೂರದ ಗುರಿಗೆ ತೋಟಾ ತುಂಬುವವರು ಒಂದು ಗ್ರೇನಿನ ಹತ್ತನೇ ಒಂದು ಪಾಲಿನವರೆಗೆ ಲೆಕ್ಕ ಇಡುತ್ತಾರೆ. ಒಂದು ಗುಲಗಂಜಿಯನ್ನು ಹತ್ತೊಂಬತ್ತು ಚೂರು ಮಾಡಿದರೆ ಒಂದು ಚೂರು ಎಷ್ಟೋ ಅಷ್ಟು. ಕೆಲವರ ತಕ್ಕಡಿ ಮದ್ದಿನ ಒಂದೊಂದು ಕಡ್ಡಿಯನ್ನೂ ಎಣಿಸುತ್ತದೆ.

ಇಷ್ಟು ಯಾಕೆ ಬೇಕು ಎನ್ನುವುದಕ್ಕೆ ಒಂದು ಲೆಕ್ಕ. 1952ರಲ್ಲಿ ಬಂದ .308 ವಿಂಚೆಸ್ಟರ್ ಎಂಬ ತೋಟಾ ದೂರದ ಸ್ಪರ್ಧೆಗಳಲ್ಲಿ ಈಗಲೂ ಓಡುತ್ತದೆ. ಅದರ 175 ಗ್ರೇನಿನ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿರುತ್ತದೆ ಅಂತ ಇಟ್ಟುಕೊಳ್ಳಿ. ಇನ್ನೊಂದು ತೋಟಾದ ಗುಂಡು 10 ಮೀಟರ್ ನಿಧಾನವಾಗಿ, 780ರಲ್ಲಿ ಹೊರಟಿತು. ನೂರು ಮೀಟರಿನಲ್ಲಿ ಇವೆರಡರ ನಡುವಿನ ಎತ್ತರದ ವ್ಯತ್ಯಾಸ 2 ಮಿಲಿಮೀಟರ್. ಕಣ್ಣಿಗೂ ಕಾಣದು, ಎರಡೂ ಒಂದೇ ತೂತಿಗೆ ಹೋದಂತೆ ತೋರುತ್ತದೆ. ಸಾವಿರ ಗಜದಲ್ಲಿ, ಅಂದರೆ 914 ಮೀಟರಿನಲ್ಲಿ, ಅದೇ ಎರಡು ಗುಂಡುಗಳ ನಡುವೆ ಸುಮಾರು ಒಂದಡಿ ಅಂತರ ಬಿದ್ದಿರುತ್ತದೆ. ಗುಂಡು ಅಷ್ಟು ದೂರ ಹೋಗಲು ಒಂದೂವರೆ ಸೆಕೆಂಡಿಗೂ ಹೆಚ್ಚು ಸಮಯ ಬೇಕು, ಅಷ್ಟು ಹೊತ್ತೂ ಭೂಮಿ ಅದನ್ನು ಕೆಳಗೆ ಎಳೆಯುತ್ತಲೇ ಇರುತ್ತದೆ. ನಿಧಾನವಾದದ್ದು ಹೆಚ್ಚು ಹೊತ್ತು ಎಳೆಸಿಕೊಳ್ಳುತ್ತದೆ. ಎಫ್-ಕ್ಲಾಸ್ ಎಂಬ ಸಾವಿರ ಗಜದ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10 ಇಂಚು. ನಡುಮಧ್ಯಕ್ಕೆ ಹಿಡಿದವನ ಗುಂಡು ಒಂದಡಿ ಕೆಳಗೆ ಬಿದ್ದರೆ ಅದು ಹತ್ತರ ಹೊರಗೇ.

ಆದ್ದರಿಂದ ದೂರದ ಗುರಿಗೆ ತೋಟಾ ತುಂಬುವವನ ಆಸೆ ವೇಗ ಹೆಚ್ಚಿಸುವುದಲ್ಲ, ಎಲ್ಲ ತೋಟಾಗಳ ವೇಗವನ್ನೂ ಒಂದೇ ಮಾಡುವುದು. ಇದನ್ನು ಹುಡುಗರಿಗೆ ಹೇಳುವಾಗ ನಾನು ಗರಗದ ಬಟ್ಟೆಯನ್ನು ನೆನಪಿಸುತ್ತೇನೆ. ಧಾರವಾಡದ ಹತ್ತಿರದ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಸಿದ್ಧವಾಗುತ್ತದೆ. ಅಲ್ಲಿ ಒಂದು ಧ್ವಜ ಬಹಳ ಚೆಂದ ಬಂತು ಅಂದರೆ ಯಾರೂ ಹೊಗಳುವುದಿಲ್ಲ. ನೂಲಿನ ಎಣಿಕೆ, ಬಣ್ಣ, ಉದ್ದಗಲ ಎಲ್ಲವೂ ನಿಗದಿತ ಮಾನದಂಡಕ್ಕೆ ಹೊಂದಬೇಕು, ಕಂತೆಯಲ್ಲಿರುವ ಪ್ರತಿಯೊಂದೂ ಹೊಂದಬೇಕು. ಒಂದು ತಪ್ಪಿದರೆ ಅದು ಬೇರೆಯಾಗಿ ಬೀಳುತ್ತದೆ. ತೋಟಾದ ಕೆಲಸವೂ ಆ ಜಾತಿಯದೇ.

ಹಿತ್ತಾಳೆ, ಮದ್ದು, ಬುಗುರಿ

ವೇಗ ಯಾಕೆ ಬೇರೆ ಬೇರೆಯಾಗುತ್ತದೆ? ಮದ್ದಿನ ತೂಕವೊಂದೇ ಕಾರಣವಾಗಿದ್ದರೆ ಒಂದು ಒಳ್ಳೆಯ ತಕ್ಕಡಿ ಕೊಂಡರೆ ಕೆಲಸ ಮುಗಿಯುತ್ತಿತ್ತು.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಹಿತ್ತಾಳೆ. ಕೇಸಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಗುಂಡು ಹಾರಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ ನಾಲ್ಕು ಸಾವಿರ ಪಟ್ಟಿನ ಸುಮಾರಿಗೆ ಏರುತ್ತದೆ. ಕೇಸ್ ಉಬ್ಬಿ ಚೇಂಬರಿನ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿನ, ಗೋಡೆಗೆ ಅಂಟುತ್ತದೆ, ಮರುಕ್ಷಣ ತುಸು ಕುಗ್ಗಿ ಹೊರಬರುತ್ತದೆ. ಆಮೇಲೆ ಅಚ್ಚಿನಲ್ಲಿ ಒತ್ತಿ ಅದನ್ನು ಮತ್ತೆ ಅಳತೆಗೆ ತರಬೇಕು. ಹೀಗೆ ಉಬ್ಬಿಸಿ, ಒತ್ತಿ, ಉಬ್ಬಿಸಿ, ಒತ್ತಿದರೆ ಹಿತ್ತಾಳೆ ಪೆಡಸಾಗುತ್ತದೆ. ಹಿತ್ತಾಳೆ ಕೊಡ, ತಂಬಿಗೆ ಬಡಿಯುವ ನಮ್ಮ ಕಂಚುಗಾರರಿಗೆ ಇದು ಚೆನ್ನಾಗಿ ಗೊತ್ತು. ಬಡಿದಷ್ಟೂ ಲೋಹ ಗಡಸಾಗಿ ಸೀಳಲು ಶುರುವಾಗುತ್ತದೆ. ಅವರು ನಡುನಡುವೆ ಪಾತ್ರೆಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯುತ್ತಾರೆ. ತೋಟಾ ತುಂಬುವವರೂ ಅದನ್ನೇ ಮಾಡುತ್ತಾರೆ, ಕೇಸಿನ ಕುತ್ತಿಗೆಗೆ ಮಾತ್ರ. ಬುಡ ಗಡಸಾಗಿಯೇ ಇರಬೇಕು, ಒತ್ತಡ ತಡೆಯುವುದು ಅದೇ. ಕುತ್ತಿಗೆ ಮಾತ್ರ ಎಲ್ಲ ಕೇಸಿನಲ್ಲೂ ಒಂದೇ ಹದದಲ್ಲಿ ಮೆತ್ತಗಿರಬೇಕು, ಯಾಕೆಂದರೆ ಗುಂಡನ್ನು ಹಿಡಿದಿರುವುದು ಅದು. ಒಂದು ಕುತ್ತಿಗೆ ಬಿಗಿಯಾಗಿ ಹಿಡಿದು ಇನ್ನೊಂದು ಸಡಿಲವಾಗಿ ಬಿಟ್ಟರೆ, ಮದ್ದು ಉರಿಯುವ ಆ ಮೊದಲ ಕ್ಷಣದಲ್ಲಿ ಒತ್ತಡ ಏರುವ ಬಗೆ ಬದಲಾಗುತ್ತದೆ, ವೇಗವೂ ಬದಲಾಗುತ್ತದೆ.

ಕೇಸಿನ ಒಳಗಿನ ಜಾಗವೂ ಮುಖ್ಯ. ಗೋಡೆ ದಪ್ಪವಿದ್ದ ಕೇಸಿನಲ್ಲಿ ಜಾಗ ಕಡಿಮೆ, ಅಷ್ಟೇ ಮದ್ದು ಅಲ್ಲಿ ಹೆಚ್ಚು ಒತ್ತಡ ಕೊಡುತ್ತದೆ. ಅದಕ್ಕೇ ಒಂದೇ ಕಂಪನಿಯ, ಒಂದೇ ತಂಡದ (ಒಂದೇ ಸಲಕ್ಕೆ ತಯಾರಾದ), ಅಷ್ಟೇ ಸಲ ಬಳಸಿದ ಕೇಸುಗಳನ್ನು ಬೇರೆಯವುಗಳ ಜೊತೆ ಬೆರೆಸದೆ ಒಂದೇ ಡಬ್ಬಿಯಲ್ಲಿ ಇಡುತ್ತಾರೆ.

ಮದ್ದಿನ ವಿಷಯ. ಹಳೆಯ ಕರಿಮದ್ದಿನ ಕಾಲ ಮುಗಿದದ್ದು 1884ರಲ್ಲಿ, ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಾಗ. ಈಗಿನ ಮದ್ದೆಲ್ಲ ಅದರ ವಂಶದ್ದೇ, ಮೂಲವಸ್ತು ನೈಟ್ರೋಸೆಲ್ಯುಲೋಸ್. ಇದು ಸಿಡಿಯುವುದಲ್ಲ, ಲೆಕ್ಕದಂತೆ ಉರಿಯುವುದು. ಎಷ್ಟು ಬೇಗ ಉರಿಯಬೇಕು ಎನ್ನುವುದನ್ನು ಕಡ್ಡಿಯ ಆಕಾರ, ಗಾತ್ರ, ಮೇಲಿನ ಲೇಪದಿಂದ ನಿರ್ಧರಿಸಿರುತ್ತಾರೆ. ಪಿಸ್ತೂಲಿನ ಬೇಗ ಉರಿಯುವ ಮದ್ದನ್ನು ರೈಫಲ್ಲಿನ ಕೇಸಿಗೆ ತುಂಬಿದರೆ ರೈಫಲ್ ಒಡೆದು ಹೊಡೆಯುವವನ ಜೀವಕ್ಕೇ ಬರುತ್ತದೆ. ಅದಕ್ಕೆ ಅಲ್ಲಿನವರ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು ಎನ್ನುವ ಕಟ್ಟುನಿಟ್ಟು. ಕಂಪನಿ ಪ್ರಕಟಿಸಿದ ಕೋಷ್ಟಕದ ಕೆಳಗಿನ ತುದಿಯಿಂದ ಶುರುಮಾಡಬೇಕು, ಮೇಲಿನ ಮಿತಿ ದಾಟಬಾರದು. ಇದಕ್ಕೆ ವಿನಾಯಿತಿ ಇಲ್ಲ.

ಮದ್ದಿಗೆ ಬಿಸಿಲೂ ತಾಗುತ್ತದೆ. ಧಾರವಾಡದ ಜನವರಿಯ ಮುಂಜಾನೆಯ ಚಳಿಗೂ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೂ ಇಪ್ಪತ್ತು ಡಿಗ್ರಿಗಿಂತ ಹೆಚ್ಚು ಅಂತರ. ಕೆಲವು ಮದ್ದುಗಳು ಬಿಸಿಯಲ್ಲಿ ಚುರುಕಾಗಿ ಉರಿದು ವೇಗ ಹೆಚ್ಚಿಸುತ್ತವೆ, ಒತ್ತಡವನ್ನೂ ಏರಿಸುತ್ತವೆ. ಚಳಿಯಲ್ಲಿ ಮಿತಿಯ ಅಂಚಿಗೆ ತಂದಿಟ್ಟ ತೋಟಾ ಬೇಸಿಗೆಯಲ್ಲಿ ಮಿತಿ ದಾಟಬಹುದು. ಇತ್ತೀಚಿನ ಕೆಲವು ಮದ್ದುಗಳಲ್ಲಿ ಈ ಗುಣ ಬಹಳ ಕಡಿಮೆ ಮಾಡಿದ್ದಾರೆ.

ಇನ್ನು ಗುಂಡು. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಹತ್ತು ಇಂಚಿಗೆ ಒಂದು ಸುತ್ತು ಹಾಕುವ ನಳಿಗೆಯಿಂದ 790 ಮೀಟರ್ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ ಸುಮಾರು 1,87,000 ಸುತ್ತು ತಿರುಗುತ್ತಿರುತ್ತದೆ. ಬುಗುರಿ ಆಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೊಳೆ ಸರಿಯಾಗಿ ನಡುವೆ ಕೂತ ಬುಗುರಿ ನಿದ್ದೆ ಹೋದಂತೆ ನಿಂತು ತಿರುಗುತ್ತದೆ, ಮೊಳೆ ಒಂದು ಕೂದಲೆಳೆ ಓರೆಯಾದರೂ ಒನೆದಾಡುತ್ತದೆ. ಗುಂಡು ಕೇಸಿನ ಬಾಯಲ್ಲಿ ಓರೆಯಾಗಿ ಕೂತು ನಳಿಗೆಗೆ ಓರೆಯಾಗಿ ಹೊಕ್ಕರೆ, ಆ ಓರೆ ಅದರ ತಿರುಗುವಿಕೆಯಲ್ಲಿ ಉಳಿದುಬಿಡುತ್ತದೆ. ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು, ನಳಿಗೆಯ ಗೀರು ಶುರುವಾಗುವ ಜಾಗಕ್ಕೂ ಗುಂಡಿನ ಭುಜಕ್ಕೂ ಎಷ್ಟು ಅಂತರ ಬಿಡಬೇಕು ಎನ್ನುವುದು ಪ್ರತಿ ರೈಫಲ್ಲಿಗೂ ಬೇರೆ. ಕಾರ್ಖಾನೆಗೆ ಸಾಧ್ಯವಾಗದ, ಕೈಯಲ್ಲಿ ತುಂಬುವವನಿಗೆ ಮಾತ್ರ ಸಾಧ್ಯವಾಗುವ ಹೊಂದಾಣಿಕೆ ಇದೇ.

ಪ್ರೈಮರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲವೂ ಒಂದೇ ಆಳಕ್ಕೆ ಕೂತಿರಬೇಕು, ಒಂದೇ ತಂಡದ್ದಾಗಿರಬೇಕು.

ಬ್ಯಾಡಗಿಯ ಸಾಲು

ಇಲ್ಲಿಗೆ ಬಂದಾಗ ಆ ಹುಡುಗ ಕೇಳಿದ ಎರಡನೇ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಇಷ್ಟೆಲ್ಲಾ ಬದಲ ಮಾಡಬಹುದು ಅಂದ್ರ, ಯಾವ್ದು ಬದಲ ಮಾಡಿದ್ದಕ್ಕ ಛಲೋ ಆತು ಅಂತ ಹೆಂಗ ಗೊತ್ತಾಗ್ತದ ಸರ್?"

ಈ ಹವ್ಯಾಸದಲ್ಲಿ ಬಹಳ ಜನ ಎಡವುವುದು ಇಲ್ಲೇ. ಮದ್ದಿನ ತೂಕವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹತ್ತು ಬಗೆಯ ತೋಟಾ ತುಂಬುತ್ತಾರೆ. ಒಂದೊಂದರಲ್ಲಿ ಮೂರು ಗುಂಡು ಹೊಡೆಯುತ್ತಾರೆ. ಯಾವುದರ ಮೂರು ತೂತು ಹತ್ತಿರ ಬಿದ್ದವೋ ಅದೇ ಈ ರೈಫಲ್ಲಿಗೆ ಹೇಳಿಮಾಡಿಸಿದ ತೂಕ ಅಂತ ತೀರ್ಮಾನಿಸುತ್ತಾರೆ. ಆದರೆ ಯೋಚಿಸಿ: ಹತ್ತೂ ಬಗೆಗಳಲ್ಲಿ ನಿಜವಾದ ವ್ಯತ್ಯಾಸ ಏನೂ ಇಲ್ಲದಿದ್ದರೂ ಹತ್ತರಲ್ಲಿ ಯಾವುದೋ ಒಂದು ಎಲ್ಲಕ್ಕಿಂತ ಸಣ್ಣ ಗುಂಪು ಹಾಕಲೇಬೇಕು. ನಮ್ಮ ಕೆಂಪು ಡಬ್ಬಿ ನೀಲಿ ಡಬ್ಬಿಯನ್ನು ಗೆದ್ದದ್ದು ಹೀಗೇ.

ನನ್ನ ಸೋದರಮಾವನ ಹೊಲ ಬ್ಯಾಡಗಿ ತಾಲೂಕಿನಲ್ಲಿದೆ, ಮೆಣಸಿನಕಾಯಿ ಹೊಲ. ಒಂದು ವರ್ಷ ಅವರು ಯಾರೋ ಕೊಟ್ಟ ಹೊಸ ಬೀಜವನ್ನು ಬಾವಿಯ ಕಡೆಯ ನಾಲ್ಕು ಸಾಲಿಗೆ ಹಾಕಿದರು. ಗಿಡ ಸೊಂಟದ ಮಟ್ಟಕ್ಕೆ ಬಂದು ಕಾಯಿ ಜೋತುಬಿದ್ದವು. ಮಾವನಿಗೆ ಬಹಳ ಹಿಗ್ಗು. ಮರುವರ್ಷ ಇಡೀ ಹೊಲಕ್ಕೆ ಅದೇ ಬೀಜ. ಫಲ ಮೊದಲಿನ ಬೀಜದಷ್ಟೇ ಬಂತು, ಬಾವಿಯ ಕಡೆಯ ನಾಲ್ಕು ಸಾಲು ಮಾತ್ರ ಮತ್ತೆ ಎತ್ತರಕ್ಕೆ ನಿಂತವು. ಮೊದಲ ವರ್ಷ ಮಾವ ಅಳೆದದ್ದು ಬೀಜವನ್ನಲ್ಲ, ಬಾವಿಯ ಪಕ್ಕದ ನೆಲವನ್ನು.

ಕೃಷಿ ವಿಜ್ಞಾನಿಗಳು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡರು. 1986ರಲ್ಲಿ ಶುರುವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಡೆ ಹೋದರೆ, ಗುರುತಿನ ಹಲಗೆ ನೆಟ್ಟ ಸಣ್ಣ ಸಣ್ಣ ತಾಕುಗಳನ್ನು ನೋಡಬಹುದು. ಇಂಥ ಪ್ರಯೋಗದಲ್ಲಿ ಒಂದು ತಳಿಯನ್ನು ಒಂದೇ ಕಡೆ ಬಿತ್ತುವುದಿಲ್ಲ. ಚೀಟಿ ಎತ್ತಿದಂತೆ ಜಾಗ ಆರಿಸಿ, ಅದೇ ತಳಿಯನ್ನು ಮೂರ್ನಾಲ್ಕು ಕಡೆ ಬಿತ್ತುತ್ತಾರೆ. ನೆಲದ ಗುಣ ಎಲ್ಲ ತಳಿಗೂ ಸಮನಾಗಿ ಹಂಚಿಹೋಗಲಿ ಎನ್ನುವುದು ಉದ್ದೇಶ.

ಗುಂಡಿಗೂ ಇದೇ. ತೋಟಾಗಳಿಗೂ ಹೀಗೇ ಕೆಂಪು ನೀಲಿ ಡಬ್ಬಿ ಮಾಡಿ, ಮೊದಲು ಕೆಂಪು ಪೂರ್ತಿ ಹೊಡೆದು ಆಮೇಲೆ ನೀಲಿ ಹೊಡೆದರೆ, ನೀಲಿಯ ಸರದಿ ಬರುವಷ್ಟರಲ್ಲಿ ನಳಿಗೆ ಕಾದಿರುತ್ತದೆ, ಬಿಸಿಲು ಏರಿರುತ್ತದೆ, ಗಾಳಿ ತಿರುಗಿರುತ್ತದೆ. ಆ ದೋಷವೆಲ್ಲ ನೀಲಿಯ ಲೆಕ್ಕಕ್ಕೆ ಬೀಳುತ್ತದೆ. ಕೆಂಪು ಒಂದು, ನೀಲಿ ಒಂದು, ಮತ್ತೆ ಕೆಂಪು, ಮತ್ತೆ ನೀಲಿ ಹೀಗೆ ಹೆಣೆದು ಹೊಡೆಯಬೇಕು.

ಎಷ್ಟು ಹೊಡೆಯಬೇಕು? ಗಣಿತದಲ್ಲಿ ಮಾನಕ ವಿಚಲನೆ ಅಂತ ಒಂದು ಲೆಕ್ಕ ಇದೆ. ಸರಾಸರಿಯ ಸುತ್ತ ಅಂಕಿಗಳು ಎಷ್ಟು ಚದುರಿವೆ ಅಂತ ಹೇಳುವ ಅಳತೆ ಅದು. ಕ್ರೋನೋಗ್ರಾಫ್ ಇಟ್ಟು ಐದು ಗುಂಡಿನ ವೇಗ ಅಳೆದಿರಿ, ಮಾನಕ ವಿಚಲನೆ ಸೆಕೆಂಡಿಗೆ 3 ಮೀಟರ್ ಬಂತು ಅನ್ನಿ. ಒಳ್ಳೆಯ ಅಂಕಿಯೇ. ಆದರೆ ಐದೇ ಗುಂಡಿನ ಸಾಕ್ಷಿಯ ಮೇಲೆ ಶೇಕಡ 95ರ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಆ ತೋಟಾಗಳ ನಿಜವಾದ ವಿಚಲನೆ 1.8ರಿಂದ 8.6 ಮೀಟರ್ ನಡುವೆ ಎಲ್ಲೋ ಇದೆ. 1.8 ಆದರೆ ವಿಶ್ವಮಟ್ಟದ ತೋಟಾ, 8.6 ಆದರೆ ಸಾವಿರ ಗಜಕ್ಕೆ ಒಯ್ಯಲೇಬಾರದ ತೋಟಾ. ಮೂವತ್ತು ಗುಂಡು ಹೊಡೆದಾಗಲೂ 3 ಮೀಟರೇ ಬಂದರೆ ಆ ವ್ಯಾಪ್ತಿ 2.4ರಿಂದ 4ಕ್ಕೆ ಇಳಿಯುತ್ತದೆ. ಆಗ ಮಾತಾಡಬಹುದು.

ಇನ್ನೊಂದು ಮೋಸ ಇದೆ. ಬಹಳ ಜನ ಅತಿ ವೇಗದ ಗುಂಡಿಗೂ ಅತಿ ನಿಧಾನದ ಗುಂಡಿಗೂ ಇರುವ ಅಂತರವನ್ನೇ ಹೇಳುತ್ತಾರೆ. ನಿಜವಾದ ವಿಚಲನೆ 3 ಮೀಟರ್ ಇರುವ ಒಂದೇ ಬಗೆಯ ತೋಟಾದಿಂದ ಮೂರು ಗುಂಡು ಹೊಡೆದರೆ ಈ ಅಂತರ ಸರಾಸರಿ 5 ಮೀಟರ್ ಬರುತ್ತದೆ. ಐದು ಹೊಡೆದರೆ 7, ಹತ್ತು ಹೊಡೆದರೆ 9, ಮೂವತ್ತು ಹೊಡೆದರೆ 12. ತೋಟಾ ಕೆಟ್ಟಿಲ್ಲ, ಹೆಚ್ಚು ಹೊಡೆದದ್ದಷ್ಟೇ. ಕಾಗದದ ಮೇಲಿನ ಗುಂಪೂ ಹೀಗೇ ಬೆಳೆಯುತ್ತದೆ. "ನನ್ನ ರೈಫಲ್ ಒಂದು ರೂಪಾಯಿ ನಾಣ್ಯದೊಳಗೆ ಹೊಡೆಯುತ್ತದೆ" ಅಂತ ಯಾರಾದರೂ ಅಂದರೆ, ಎಷ್ಟು ಗುಂಡು, ಎಷ್ಟು ಸಲ ಅಂತ ಕೇಳಿ. ಮೂರು ಗುಂಡಿನ ಒಂದು ಗುಂಪಿನ ಫೋಟೋವನ್ನು ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ.

ನಾನು ಹೀಗೆ ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಧಾರವಾಡದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದದ್ದೇ ನನ್ನ ಶುರುವಾತು. ಅಲ್ಲಿ ಮೊದಲು ಕಲಿಸುವುದೇ ಗ್ರೂಪಿಂಗ್: ಗುರಿಯ ನಡುವಿಗೆ ಬೀಳದಿದ್ದರೂ ಚಿಂತೆ ಇಲ್ಲ, ಐದೂ ಹತ್ತಿರ ಬೀಳಲಿ. ಅದು ಒಳ್ಳೆಯ ಪಾಠ. ಆದರೆ ನಾನು ಅದರಿಂದ ತಪ್ಪು ತಿಳಿದುಕೊಂಡೆ. ಮುಂದೆ ಏರ್ ರೈಫಲ್ಲಿಗೆ ಬಂದು ರಾಜ್ಯಮಟ್ಟದ ಸ್ಪರ್ಧೆಗೆ ತಯಾರಾಗುವಾಗ, ಒಂದು ಬಗೆಯ ಪೆಲೆಟ್ ಐದು ಗುಂಡಿಗೆ ಒಂದೇ ತೂತು ಮಾಡಿತು. ಅಷ್ಟಕ್ಕೇ ಇದ್ದ ದುಡ್ಡೆಲ್ಲ ಹಾಕಿ ಆ ಪೆಲೆಟ್ ಕೊಂಡೆ. ಸ್ಪರ್ಧೆಯ ಅರವತ್ತು ಗುಂಡುಗಳಲ್ಲಿ ಅವು ಎಲ್ಲೆಲ್ಲೋ ಬಿದ್ದವು. ತಪ್ಪು ನನ್ನ ಕೈಯದೇ ಅಂತ ನಂಬಿ ಒಂದಿಡೀ ವರ್ಷ ನಿಲುವು ಬದಲಿಸುತ್ತ, ಟ್ರಿಗರ್ ಬದಲಿಸುತ್ತ ಕಳೆದೆ. ಆ ವರ್ಷ ನನಗೆ ಇವತ್ತಿಗೂ ನೋವು ಕೊಡುತ್ತದೆ. ನನ್ನ ಮಕ್ಕಳಿಗೆ ಅದು ಆಗಬಾರದು.

ದೂರದ ಗುರಿಯಲ್ಲಿ ತೋಟಾದ ಕೆಲಸ ಎಲ್ಲಿಗೆ ನಿಲ್ಲುತ್ತದೆ ಎನ್ನುವುದನ್ನೂ ಹೇಳಬೇಕು. ಗದಗದ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿದ್ದೀರಿ. ಅಂಥ ಗಾಳಿ ಬೇಡ, ಗಂಟೆಗೆ 16 ಕಿಲೋಮೀಟರಿನ ಸಾಧಾರಣ ಅಡ್ಡಗಾಳಿ ಸಾಕು, .308ರ ಗುಂಡನ್ನು ಸಾವಿರ ಗಜದಲ್ಲಿ ಸುಮಾರು ಎರಡೂವರೆ ಮೀಟರ್ ಪಕ್ಕಕ್ಕೆ ತಳ್ಳಲು. ಗುಲಗಂಜಿಯ ಹತ್ತೊಂಬತ್ತನೇ ಪಾಲು ತೂಗಿದವನು ಗಾಳಿಯನ್ನು ಅರ್ಧ ತಪ್ಪಾಗಿ ಓದಿದರೆ ಗುರಿಯ ಹಲಗೆಯೇ ತಪ್ಪಬಹುದು. ಒಳ್ಳೆಯ ತೋಟಾ ಗಾಳಿಯನ್ನು ಗೆಲ್ಲುವುದಿಲ್ಲ. ಗುಂಡು ಪಕ್ಕಕ್ಕೆ ಹೋದರೆ ಅದು ಗಾಳಿಯ ಕೆಲಸ ಅಂತ ಧೈರ್ಯವಾಗಿ ಹೇಳುವಂತೆ ಮಾಡುತ್ತದೆ, ಮುಂದಿನ ಗುಂಡಿಗೆ ಅಷ್ಟೇ ತಿದ್ದಬಹುದು.

ನಮ್ಮ ಹತ್ತು ಮೀಟರ್

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮಗೆ ದೂರದವರಲ್ಲ, ಕೊಲ್ಹಾಪುರ ಜಿಲ್ಲೆಯವರು. ಆ ಸ್ಪರ್ಧೆಯ .22 ತೋಟಾವನ್ನು ಕೈಯಲ್ಲಿ ತುಂಬುವ ಪದ್ಧತಿ ಇಲ್ಲ. ಕಿಡಿ ಹಾರಿಸುವ ವಸ್ತು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಒಮ್ಮೆ ಪೆಟ್ಟು ತಿಂದರೆ ಆ ಕೇಸಿನ ಕತೆ ಮುಗಿಯಿತು. ಹಾಗಾದರೆ ದೊಡ್ಡ ಆಟಗಾರರು ಏನು ಮಾಡುತ್ತಾರೆ? ಕಾರ್ಖಾನೆಯಲ್ಲಿ ಬೇರೆ ಬೇರೆ ದಿನ ತಯಾರಾದ ತಂಡಗಳನ್ನು ತಮ್ಮದೇ ರೈಫಲ್ಲಿನಲ್ಲಿ ಹೊಡೆದು ನೋಡಿ, ಹೊಂದುವ ತಂಡವನ್ನೇ ಒಟ್ಟಿಗೆ ಕೊಳ್ಳುತ್ತಾರೆ. ತಯಾರಿಸಲು ಆಗದಿದ್ದರೂ ಆರಿಸಲು ಆಗುತ್ತದೆ.

ಏರ್ ರೈಫಲ್ಲಿನಲ್ಲಿ ನಾವು ಮಾಡುವುದೂ ಇದನ್ನೇ. ನಮ್ಮ ಪೆಲೆಟ್ 4.5 ಮಿಲಿಮೀಟರಿನದು, ತೂಕ ಅರ್ಧ ಗ್ರಾಂ ಸುಮಾರು. ಕಂಪನಿಗಳು ಅದರ ತಲೆಯ ಅಳತೆಯನ್ನು 4.49, 4.50, 4.51 ಅಂತ ಬೇರೆ ಬೇರೆ ಮಾಡಿ ಮಾರುತ್ತವೆ. ಮಿಲಿಮೀಟರಿನ ನೂರನೇ ಒಂದು ಪಾಲಿನ ಲೆಕ್ಕ ಇದು. ಗುರಿಯ ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ತೂತಿನ ಅಂಚು ಆ ಚುಕ್ಕಿಗೆ ತಾಗಿದರೆ ಸಾಕು ಹತ್ತು ಸಿಗುತ್ತದೆ, ಅಂದರೆ ಪೆಲೆಟ್ಟಿನ ನಡು ಗುರಿಯ ನಡುವಿನಿಂದ ಎರಡೂವರೆ ಮಿಲಿಮೀಟರಿನೊಳಗೆ ಇರಬೇಕು. ಇವತ್ತಿನ ಸ್ಪರ್ಧೆಗಳಲ್ಲಿ 10.9ರವರೆಗೆ ದಶಮಾಂಶದಲ್ಲಿ ಅಂಕ ಕೊಡುವುದರಿಂದ ಆ ಎರಡೂವರೆ ಮಿಲಿಮೀಟರನ್ನೂ ಹತ್ತು ಪಾಲು ಮಾಡಿದಂತಾಯಿತು. ಪೆಲೆಟ್ಟೇ ಒಂದು ಮಿಲಿಮೀಟರ್ ಚದುರಿಸಿದರೆ, ಹುಡುಗನ ಕೈ ಎಷ್ಟೇ ಸ್ಥಿರವಾಗಿದ್ದರೂ ಅಂಕ ಕೆಳಗೆ ಬರುತ್ತದೆ.

ಆವತ್ತು ಕೆಂಪು ನೀಲಿ ಎರಡೂ ಒಂದೇ ಡಬ್ಬಿಯವು ಅಂತ ಹೇಳಿದಾಗ ಹುಡುಗರು ಒಂದು ಗಳಿಗೆ ಸುಮ್ಮನಾದರು. ನೀಲಿ ಡಬ್ಬಿ ಹಿಡಿದು ನಿಂತಿದ್ದವನು ಮುಚ್ಚಳ ತೆಗೆದು ಒಳಗೆ ನೋಡಿದ. ಆಮೇಲೆ ಕೇಳಿದ: "ಹಂಗಾದ್ರ ನನ್ನ ರೈಫಲ್ಲಿಗೆ ಯಾವ್ದು ಹೊಂದ್ತದ ಅಂತ ನಾ ಹೆಂಗ ನೋಡ್ಲಿ?"

ಅವನ ಹತ್ತಿರ ಎರಡು ಬಗೆಯ ಪೆಲೆಟ್ ಇದ್ದವು, ತಲೆಯ ಅಳತೆ 4.49ರದ್ದು, 4.50ರದ್ದು. ಎರಡನೆಯದಕ್ಕೆ ಬೆಲೆ ಹೆಚ್ಚು. ಮೂರು ದಿನ ಮುಂಜಾನೆ ಆರಕ್ಕೇ ಬಂದ. ದಿನಕ್ಕೆ ಒಂದೊಂದರಲ್ಲಿ ಇಪ್ಪತ್ತು, ಒಂದು ಅದು ಒಂದು ಇದು ಹೀಗೆ ಹೆಣೆದು, ರೈಫಲ್ಲನ್ನು ವೈಸಿಗೆ ಬಿಗಿದು ಹೊಡೆದ. ಯಾವ ಪೆಲೆಟ್ ಯಾವುದು ಅಂತ ಅವನಿಗೆ ಗೊತ್ತಾಗದಂತೆ ಅವನ ತಂಗಿ ಒಂದೊಂದೇ ಕೈಗೆ ಕೊಡುತ್ತಿದ್ದಳು, ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಮೂರನೇ ದಿನ ಗ್ರಾಫ್ ಹಾಳೆಯ ಮೇಲೆ ನೂರಿಪ್ಪತ್ತು ಚುಕ್ಕಿಗಳನ್ನು ಎರಡು ಬಣ್ಣದಲ್ಲಿ ಗುರುತು ಮಾಡಿ ನನ್ನ ಮುಂದೆ ಹಾಸಿದ. ಎರಡು ಬಣ್ಣಗಳು ಒಂದರ ಮೇಲೊಂದು ಬಿದ್ದಿದ್ದವು. ವಿಚಲನೆಯ ಲೆಕ್ಕ ಮಾಡಿದರೂ ಅವನ ರೈಫಲ್ಲಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ.

ಕಡಿಮೆ ಬೆಲೆಯದನ್ನೇ ತರಿಸಿಕೊಂಡ. ಉಳಿದ ದುಡ್ಡಿಗೆ ಅದೇ ತಂಡದ ಇನ್ನೆರಡು ಡಬ್ಬಿ ಬಂದವು.